ಹೊಗಳಿಕೆಯ ಮುಂದಿನ ಮಾತು

ಅಂದು ಕೇತನದುರ್ಗದ ಏಳು ಮಹಾದ್ವಾರಗಳಿಗೂ ತೋರಣ ಕಟ್ಟಿತ್ತು; ಕೆಂಪಂಗಿಯ ಇಂಗ್ಲಿಷ್ ಕಪ್ತಾನನನ್ನು ನೋಡಲು ರಾಜಬೀದಿಯ ಉಪ್ಪರಿಗೆಗಳಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಗಡಿಯಲ್ಲಿ ಶತ್ರು ಬೀಡುಬಿಟ್ಟಿದ್ದ. ಕಪ್ತಾನನ ಫಿರಂಗಿಗಳು ಬಂದರೆ ದುರ್ಗ ಉಳಿದೀತೆಂಬ ಆಸೆ ಎಲ್ಲರದು.

ದುರ್ಗದ ಸೇನೆ ಹೊಳೆಯ ದಡದಲ್ಲಿ ಶತ್ರುವನ್ನು ತಡೆಯಬೇಕು, ಫಿರಂಗಿಗಳು ಹಿಂದಿನಿಂದ ಬಂದು ಕೂಡಿಕೊಳ್ಳಬೇಕು ಎಂದು ಕೆಂಚಭೂಪ ನಾಯಕರು ಆಸ್ಥಾನದಲ್ಲಿ ನುಡಿದರು. ದುಭಾಷಿ ಶೇಷಗಿರಿಯಪ್ಪ ಅದನ್ನು ಇಂಗ್ಲಿಷಿಗೆ ತಿರುಗಿಸಿದ.

"ಅತ್ಯುತ್ತಮ ಯೋಜನೆ! ನಾಯಕರ ಶೌರ್ಯವನ್ನು ಅರಿಯದವರಾರು?" ಎಂದ ಕಪ್ತಾನ, ಕ್ಷಣಕಾಲ ಉಸಿರು ಹಿಡಿದು, "ಬಟ್..." ಎಂದು ರಾಗವೆಳೆದ.

ಶೇಷಗಿರಿಯಪ್ಪ ಹೊಗಳಿಕೆಯನ್ನು ಕನ್ನಡಕ್ಕೆ ತಿರುಗಿಸುವಷ್ಟರಲ್ಲೇ ಪ್ರಧಾನ ವಿರೂಪರಸ ವೀಳ್ಯದ ಹರಿವಾಣವನ್ನು ಅವನ ಮುಂದೊಡ್ಡಿದ. ಉಪಚಾರವೆಂದೇ ಬಗೆದ ಕಪ್ತಾನ ನಗುತ್ತ ವೀಳ್ಯ ತೆಗೆದುಕೊಂಡ. ಅರಸರ ಹರಿವಾಣದಿಂದ ವೀಳ್ಯ ಹಿಡಿದವನು ಕಾರ್ಯಕ್ಕೆ ಮಾತು ಕೊಟ್ಟಂತೆಂಬುದು ಆ ಆಸ್ಥಾನದ ಕಟ್ಟಳೆ; ಪಾಪ, ಅವನಿಗೇನು ಗೊತ್ತು! ಸಭೆ ಜಯಘೋಷ ಮಾಡಿತು.

ಶೇಷಗಿರಿಯಪ್ಪ ಮಾತ್ರ ಆ 'ಬಟ್' ಅನ್ನು ಗಮನಿಸಿದ್ದ. ಹನ್ನೆರಡು ವರ್ಷ ಚೆನ್ನಪಟ್ಟಣದಲ್ಲಿ ಇಂಗ್ಲಿಷರ ನಡುವೆ ದುಡಿದವನು ಅವನು. ಒಪ್ಪಿದ ಇಂಗ್ಲಿಷನು ಒಂದೇ ಮಾತಿನಲ್ಲಿ ಒಪ್ಪಿ, ಯಾವಾಗ ಹೊರಡುವುದೆಂದು ಕೇಳುತ್ತಾನೆ. ಒಪ್ಪದವನು ಮೊದಲು ಹೊಗಳುತ್ತಾನೆ. ಆದರೆ ಆಡಿದ ಮಾತನ್ನಷ್ಟೇ ತಿರುಗಿಸುವೆನೆಂದು ದುಭಾಷಿಯಾದವನು ಆಣೆಯಿಟ್ಟಿರುತ್ತಾನೆ. ಆಣೆ ಮುರಿದರೆ ಪದವಿ ಹೋಗುತ್ತದೆ. ಹೋದರೆ ಹೋಗಲಿ ಎಂದುಕೊಂಡು ಅವನು ಕೈಮುಗಿದ.

"ಮಹಾಸ್ವಾಮಿ, ಕಪ್ತಾನರು ಒಪ್ಪಿಲ್ಲ. ಇವರ ಹೊಗಳಿಕೆಯನ್ನು ನಂಬಬಾರದು. ಹೊಗಳಿ, ಉಸಿರು ಹಿಡಿದು, 'ಬಟ್', ಅಂದರೆ 'ಆದರೆ', ಎಂದ ಮೇಲೆ ಬರುವುದೇ ಇವರ ನಿಜವಾದ ಮಾತು. ಅದನ್ನು ಪೂರ್ತಿ ಕೇಳಿಬಿಡಿ."

"ವೀಳ್ಯ ಹಿಡಿದವರನ್ನು ಮತ್ತೆ ಕೇಳಿ ಅವಮಾನಿಸಬೇಕೆ, ಪ್ರಭು?" ಎಂದ ವಿರೂಪರಸ. ಸೇನೆ ಹೊಳೆಯಲ್ಲಿ ನಾಶವಾದರೆ ದುರ್ಗದ ಅಧಿಪತ್ಯ ತನಗೇ ಎಂದು ಅವನು ಶತ್ರುವಿನೊಡನೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡಿದ್ದ.

"ಸಾಕು, ಶೇಷಗಿರಿಯಪ್ಪ!" ನಾಯಕರು ಗುಡುಗಿದರು. "ಪದವಿಯ ಶಾಲು ಇಳಿಸಿ ಹೊರಡು."

ಎರಡು ಭಾಷೆ ಬಲ್ಲವನ ಮಾತು ಒಬ್ಬರಿಗೂ ಬೇಡವಾಯಿತು. ಶಾಲನ್ನು ತನ್ನ ಆಸನದ ಮೇಲಿಟ್ಟು, ಹಿಡಿಯಲೂ ಬಾರದ ಕತ್ತಿಯೊಂದನ್ನು ಎತ್ತಿಕೊಂಡು, ಅವನು ಸೇನೆಯ ಹಿಂದೆ ಹೊಳೆಗೆ ನಡೆದ. ತಡೆಯಲಾಗದ ಸಾವಿಗೆ ಹೊರಟವರನ್ನು ಒಂಟಿಯಾಗಿ ಕಳಿಸಲು ಅವನಿಗೆ ಮನಸ್ಸಾಗಲಿಲ್ಲ. ನಡುಹಗಲಾಯಿತು, ಸಂಜೆಯಾಯಿತು, ಹಿಂದಿನ ದಾರಿಯಲ್ಲಿ ಫಿರಂಗಿಗಳ ಧೂಳೇಳಲಿಲ್ಲ. ಶತ್ರುವನ್ನು ಹೇಗೋ ಹಿಮ್ಮೆಟ್ಟಿಸಿ ಮರಳಿದವರು ನೂರು ಮಂದಿಯೂ ಇರಲಿಲ್ಲ. ಅವರಲ್ಲಿ ಶೇಷಗಿರಿಯಪ್ಪನಿರಲಿಲ್ಲ. ವಿರೂಪರಸ ಆಗಲೇ ಪರಾರಿಯಾಗಿದ್ದ.

ನಾಲ್ಕನೆಯ ದಿನ ಕಪ್ತಾನ ಮತ್ತೆ ಬಂದ. ಬರಿದಾದ ಆಸನದ ಮೇಲೆ ಶಾಲು ಇಟ್ಟಲ್ಲೇ ಇತ್ತು. ಮಡಿದವರ ಶೌರ್ಯದ ಬಗ್ಗೆಯೋ ಏನೋ, ಟೋಪಿ ತೆಗೆದು ಅವನು ಬಹಳ ಹೊತ್ತು ಮೃದುವಾಗಿ ನುಡಿದ. ಆಮೇಲೆ ಉಸಿರು ಹಿಡಿದ.

ನಾಯಕರು ಕೈಯೆತ್ತಿದರು.

"ಸಾಕು, ಮುಂದಿನದು ತಿಳಿಯಿತು. ನಮ್ಮ ಶೇಷಗಿರಿಯಪ್ಪ ಮೊದಲೇ ಹೇಳಿದ್ದ."

ಕಪ್ತಾನ ಏನೂ ತಿಳಿಯದೆ ಸುತ್ತ ನೋಡಿದ. ಆ ಮಾತನ್ನು ಅವನಿಗೆ ತಿರುಗಿಸಿ ಹೇಳುವವರು ಆಸ್ಥಾನದಲ್ಲಿ ಯಾರೂ ಇರಲಿಲ್ಲ.