ಕೆಲಸ ಸೊನ್ನೆ

"ನೀವು ಮಾಡಿದ ಕೆಲಸ ಸೊನ್ನೆ, ಮೇಡಂ."

ಬೀರುವಿಗೆ ಭುಜ ಕೊಟ್ಟು ನೂಕುತ್ತಿದ್ದ ಲ್ಯಾಬಿನ ಸಹಾಯಕಿ ಬೆಚ್ಚಿ ತಿರುಗಿದಳು. ಅಂದೇ ಬಂದ ಭೌತಶಾಸ್ತ್ರದ ಮೇಷ್ಟ್ರು ಬಾಗಿಲಲ್ಲಿ ನಗುತ್ತ ನಿಂತಿದ್ದರು.

ಅವಳು ಬೀರುವನ್ನು ಅಲ್ಲೇ ಬಿಟ್ಟು ಹೊರನಡೆದಳು.

ಅವಳ ಗಂಡ ಇದೇ ಕೋಣೆಯಲ್ಲಿ ಪಾಠ ಮಾಡುತ್ತಿದ್ದ. ಎರಡು ವರ್ಷದ ಹಿಂದೆ ಅವನು ತೀರಿಕೊಂಡ ಮೇಲೆ ಕಾಲೇಜಿನವರು ಕರೆದು ಅವಳಿಗೆ ಈ ನೌಕರಿ ಕೊಟ್ಟಿದ್ದರು. 'ಕನಿಕರದ ಸಂಬಳ' ಎಂದು ಬೆನ್ನ ಹಿಂದೆ ಆಡಿಕೊಳ್ಳುವುದು ಅವಳ ಕಿವಿಗೂ ಬಿದ್ದಿತ್ತು. ಇವರು ಅದನ್ನೇ ಮುಖಕ್ಕೆ ಹೊಡೆದಂತೆ ಅಂದರಲ್ಲ...

ನಾಲ್ಕು ತಿಂಗಳು, ಮೇಷ್ಟ್ರು ಏನು ಕೇಳಿದರೂ 'ಹೂಂ', 'ಇಲ್ಲ' ಅಷ್ಟೇ. ಅವರು ಮಾತ್ರ ದಿನವೂ ತಂತಿಗಳನ್ನು ತಾವೇ ಸುತ್ತಿಟ್ಟು, ಅವಳ ಮೇಜಿನ ಮೇಲೆ ಒಂದು ಲೋಟ ಚಹಾ ಇಟ್ಟು ಹೋಗುತ್ತಿದ್ದರು. ಅದು ಆರುವವರೆಗೆ ಅವಳು ಮುಟ್ಟುತ್ತಿರಲಿಲ್ಲ. ಆರಿದ ಮೇಲೆ ಕುಡಿಯುತ್ತಿದ್ದಳು.

ಇಂದು ಮತ್ತೆ ಬೀರುವಿನ ಮುಂದೆ ನಿಂತಿದ್ದಳು. ಅದರ ಹಿಂದೆ, ಗೋಡೆಗೇ ಕಪ್ಪು ಬಳಿದ ಹಳೆಯ ಬೋರ್ಡಿನ ಮೇಲೆ, ಗಂಡನ ಕೊನೆಯ ಪಾಠ ಅಳಿಸದೆ ಉಳಿದಿತ್ತು. ನಾಳೆ ಬಣ್ಣದವರು ಬರುತ್ತಾರೆ.

ನೂಕಿದಳು. ಕದಲಲಿಲ್ಲ. ಬೀರುವಿಗೆ ಹಣೆ ಒತ್ತಿ ಕುಸಿದಳು.

"ಮೇಡಂ... ಏನಾಯ್ತು?"

"ಬನ್ನಿ ಮೇಷ್ಟ್ರೇ, ಇನ್ನೊಂದ್ಸಲ ಅನ್ನಿ. ನನ್ನ ಕೆಲಸ ಸೊನ್ನೆ, ಕನಿಕರದ ಸಂಬಳ ಅಂತ."

ಮೇಷ್ಟ್ರ ಮುಖ ಬಿಳಿಚಿತು.

"ಅಯ್ಯೋ, ಅದಾ... ಎಷ್ಟು ನೂಕಿದ್ರೂ ವಸ್ತು ಕದಲದಿದ್ರೆ ಕೆಲಸ ಸೊನ್ನೆ. ಭೌತಶಾಸ್ತ್ರದ ಲೆಕ್ಕ ಕಣ್ರೀ. ಮೊದಲ್ನೇ ದಿನ ನಿಮ್ಮನ್ನ ನಗ್ಸೋಣ ಅಂತ ಹೋಗಿ... ನಾಲ್ಕು ತಿಂಗಳು ಇದಕ್ಕಾ ಮಾತು ಬಿಟ್ಟಿದ್ದು?"

ಎರಡು ವರ್ಷದಿಂದ ಅತ್ತದ್ದು, ನಿದ್ದೆ ಕೆಟ್ಟದ್ದು... ಅದೂ ಅಷ್ಟೇ ಅಲ್ಲವೇ? ಇದ್ದಲ್ಲೇ ಇದ್ದೇನೆ.

"ಸರಿಯಾಗೇ ಅಂದ್ರಿ," ಎಂದಳು.

ಅವರು ಅಂಗಿಯ ತೋಳು ಮಡಚಿ ಪಕ್ಕಕ್ಕೆ ಬಂದು ನಿಂತರು. ಇಬ್ಬರೂ ನೂಕಿದರು. ಬೀರು ಕಿರುಗುಟ್ಟುತ್ತ ಸರಿಯಿತು.

ಧೂಳಿನಡಿ ಸಿಲಿಕಾನ್ ಪರಮಾಣುಗಳ ಸಾಲು, ನಡುವೆ ಒಂದು ಖಾಲಿ ವೃತ್ತ. ಕೆಳಗೆ ಗಂಡನ ಓರೆ ಅಕ್ಷರ: 'ಎಲೆಕ್ಟ್ರಾನ್ ಬಿಟ್ಟುಹೋದ ಜಾಗ. ಇದೂ ವಿದ್ಯುತ್ತನ್ನು ಒಯ್ಯುತ್ತದೆ.'

ಅವಳು ಅದನ್ನು ಮುಟ್ಟಲಿಲ್ಲ. ಅಳಿಸಿಹೋದೀತು.

"ಆ ಜಾಗ ನಾನು ತುಂಬ್ತೀನಿ ಅನ್ನಲ್ಲ," ಮೇಷ್ಟ್ರು ಮೆಲ್ಲಗೆ ಅಂದರು. "ಎಲೆಕ್ಟ್ರಾನ್ ಬಂದು ತುಂಬಿದ್ರೆ ಅದರದ್ದೂ ಆ ಖಾಲಿ ಜಾಗದ್ದೂ ಓಡಾಟ ನಿಂತ್ಹೋಗುತ್ತೆ. ಪಕ್ಕದಲ್ಲಿ ಇರ್ಲಾ? ಇಷ್ಟ ಅಂತ ಹೇಳೋಕೆ ನಂಗೆ ಬೇರೆ ಭಾಷೆ ಬರಲ್ಲ."

'ಬೇಡ' ಅನ್ನಲು ಬಾಯಿ ತೆರೆದಳು. ಬಂದದ್ದು ಬೇರೆ ಮಾತು.

"ಬೀರು ಎಷ್ಟು ಸರೀತು?"

"ಎರಡಡಿ."

"ಹಾಗಾದ್ರೆ ಸೊನ್ನೆ ಅಲ್ಲ?"

"ಅಲ್ಲ."

"ಚಹಾ ತನ್ನಿ," ಎಂದಳು. "ಇವತ್ತು ಬಿಸಿಯಾಗೇ ಕುಡೀತೀನಿ."