ಬಲ ನುಂಗುವ ಕಲ್ಲುಗಪ್ಪೆ

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಜಟ್ಟಿಪುರ ಎಂಬ ಒಂದು ರಾಜ್ಯವಿತ್ತು. ಅಲ್ಲಿ ತೋಳಿಗೇ ಮರ್ಯಾದೆ. ರಾಜನೂ ಜಟ್ಟಿ, ಮಂತ್ರಿಯೂ ಜಟ್ಟಿ, ಅರಮನೆಯ ಅಡುಗೆಯವನೂ ಜಟ್ಟಿ. ಎಲ್ಲರಿಗಿಂತ ದೊಡ್ಡ ಜಟ್ಟಿ ಬೀರಪ್ಪ. ಅವನಿಗೆ ಒಬ್ಬಳೇ ಮಗಳು, ಮಲ್ಲಾಜಿ. ಅವಳು ತೊಟ್ಟಿಲಲ್ಲಿದ್ದಾಗಲೇ ಅಪ್ಪ ಕಿವಿಯಲ್ಲಿ ಹೇಳಿದ್ದ: "ಎದುರಾಳಿಯ ಎದೆಗೆ ಎದೆ ಕೊಟ್ಟು ನಿಲ್ಲು, ಕಂದಾ. ಹಿಂದೆ ಮಾತ್ರ ಸರಿಯಬೇಡ." ಆ ರಾಜ್ಯದಲ್ಲಿ ಹಿಂದೆ ಹೆಜ್ಜೆಯಿಟ್ಟವರು ಸೋತಂತೆಯೇ ಲೆಕ್ಕ. ಅವರ ಬೆನ್ನಿಗೆ ಊರವರೆಲ್ಲ ಸೇರಿ ಹೊಟ್ಟು ತೂರುತ್ತಿದ್ದರು.

ಒಂದು ದಿನ ಗೂಗೆಗಣ್ಣ ಎಂಬ ಮಾಂತ್ರಿಕ ಬಂದು ಸಿಂಹಾಸನ ಕೇಳಿದ. ರಾಜ ಹೊಟ್ಟೆ ಹಿಡಿದು ನಕ್ಕ. ಗೂಗೆಗಣ್ಣ ಜೋಳಿಗೆಯಿಂದ ಪುಟ್ಟ ಕಲ್ಲುಗಪ್ಪೆಯೊಂದನ್ನು ತೆಗೆದು, ರಾಜ್ಯಕ್ಕೆಲ್ಲ ನೀರು ಕೊಡುತ್ತಿದ್ದ ಚಿಲುಮೆಯ ಬಾಯಿಗೆ ಇಟ್ಟ. ಕಪ್ಪೆ ಆನೆಲಾಯದಷ್ಟು ಊದಿಕೊಂಡಿತು. ನೀರು ನಿಂತಿತು.

"ಹುಣ್ಣಿಮೆಯೊಳಗೆ ಇದನ್ನು ಕದಲಿಸಿ, ನಾನು ಹೊರಟುಹೋಗುತ್ತೇನೆ. ಆಗದಿದ್ದರೆ ಸಿಂಹಾಸನ ನನ್ನದು. ಕಪ್ಪೆ ನುಂಗಿದ್ದೆಲ್ಲವೂ ನನ್ನದು," ಎಂದ.

ಜಟ್ಟಿಗಳು ತೊಡೆ ತಟ್ಟಿಕೊಂಡು ಬಂದರು. ಒಬ್ಬೊಬ್ಬರು ಕೈಯಿಟ್ಟು ನೂಕಿದಾಗಲೂ ಕಪ್ಪೆ 'ಗುಳುಂ' ಎನ್ನುತ್ತಿತ್ತು. ನೂಕಿದವನ ಬಲವೆಲ್ಲ ಅದರ ಹೊಟ್ಟೆಗೆ. ಕೊನೆಗೆ ಬೀರಪ್ಪ ಎದೆಕೊಟ್ಟು ನೂಕಿದ. ಗುಳುಂ! ಒದ್ದೆ ಬಟ್ಟೆಯ ಹಾಗೆ ಕುಸಿದ. ಮನೆಯಲ್ಲಿ ನೀರಿನ ಲೋಟ ಎತ್ತಲೂ ಅವನಿಂದ ಆಗಲಿಲ್ಲ. ಮಗಳು ಗಂಜಿ ಕುಡಿಸುವಾಗ, "ನನ್ನ ಕೈ ಎಲ್ಲಿ ಹೋಯಿತು ಕಂದಾ?" ಎಂದು ಕೇಳಿದ.

ಮಲ್ಲಾಜಿ ಕಣ್ಣೊರೆಸಿಕೊಂಡು ಶಾಲೆಗೆ ಓಡಿದಳು. ಅಲ್ಲಿ ಪಾಠ ಹೇಳುತ್ತಿದ್ದ ದೇವೀರಮ್ಮ ಯಾರೂ ಕಲಿಸದೆ, ಹಟ ಹಿಡಿದು ತಾನೇ ಓದು ಕಲಿತವಳು.

"ಅಕ್ಕೋರೇ, ನಾನೂ ಹೋಗಿ ನೂಕುತ್ತೇನೆ!"

"ನೂಕು. ಗಂಜಿ ಕುಡಿಸಿಕೊಳ್ಳುವವರು ಮನೆಯಲ್ಲಿ ಇಬ್ಬರಾಗುತ್ತೀರಿ. ಅದಿರಲಿ, ನಿಮ್ಮಪ್ಪನ ಬಲ ಎಲ್ಲಿ ಹೋಯಿತು ಹೇಳು?"

"ಕಪ್ಪೆಯ ಹೊಟ್ಟೆಗೆ."

"ಹಾಗಾದರೆ ಅದು ಸತ್ತಿಲ್ಲವಲ್ಲ! ಬಲ ಸಾಯುವುದಿಲ್ಲ ಕಣೇ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ, ಅಷ್ಟೆ. ಅದು ವಾಪಸು ಬರುವ ದಾರಿಯನ್ನು ನಾವು ಕಟ್ಟೋಣ."

ಮಕ್ಕಳು ಶಾಲೆಯ ಜಗಲಿಯಲ್ಲಿ ಮೊದಲು ಸಣ್ಣದೊಂದು ಮಾದರಿ ಕಟ್ಟಲು ಕೂತರು. ರುಬ್ಬುವ ಗುಂಡುಕಲ್ಲು ಕಪ್ಪೆಯಾಯಿತು, ಒನಕೆ ಸನ್ನೆಗೋಲಾಯಿತು. ಬಾವಿಯ ರಾಟೆ ಬಿಚ್ಚಿ ತಂದಿದ್ದಕ್ಕೆ ಬೈಸಿಕೊಂಡರು. ಕಟ್ಟಿದರು, ಕೆಡವಿದರು, ಜಗಳವಾಡಿದರು, ಮತ್ತೆ ಕಟ್ಟಿದರು. ಸಣ್ಣದು ಕೆಲಸ ಮಾಡಿದ ಮೇಲೆ ದೊಡ್ಡದಕ್ಕೆ ಕೈಹಾಕಿದರು.

ಚಿಲುಮೆಯ ಬಳಿ ಊರೇ ನೆರೆಯಿತು. ಮಕ್ಕಳು ತೇಗದ ಉದ್ದನೆಯ ದಿಮ್ಮಿಯ ತುದಿಯನ್ನು ಕಪ್ಪೆಯ ಅಡಿಗೆ ತೂರಿಸಿ, ಕಪ್ಪೆಗೆ ಹತ್ತಿರದಲ್ಲೇ ದಿಮ್ಮಿಯ ಕೆಳಗೆ ಒಂದು ಆಸರೆಗಲ್ಲು ಇಟ್ಟರು. ಕಪ್ಪೆಯನ್ನು ಮುಟ್ಟದೆ ಮರಕ್ಕೆ ಕೈಯಿಟ್ಟರೆ ಅದು ಬಲ ನುಂಗುವಂತಿಲ್ಲ. ಮಲ್ಲಾಜಿ ಅಪ್ಪ ಕಲಿಸಿದಂತೆ ಕಪ್ಪೆಗೆ ಹತ್ತಿರವಾಗಿ, ಆಸರೆಗಲ್ಲಿನ ಪಕ್ಕದಲ್ಲೇ ದಿಮ್ಮಿಯನ್ನು ತಬ್ಬಿ ಅದುಮಿದಳು. ಕಪ್ಪೆ ಮಿಸುಕಲಿಲ್ಲ.

"ಹಿಂದೆ ಸರಿಯೇ!" ಎಂದು ದೇವೀರಮ್ಮ ಕೂಗಿದಳು. "ದಿಮ್ಮಿಯ ಆ ತುದಿಗೆ ಹೋಗು!"

ಮಲ್ಲಾಜಿಯ ಕಾಲು ಏಳಲಿಲ್ಲ. ಊರವರ ಕೈಯಲ್ಲಿ ಹೊಟ್ಟಿನ ಮೊರ ಸಿದ್ಧವಾಗಿತ್ತು. ಮನೆಯ ಜಗಲಿಯಲ್ಲಿ ಮಲಗಿದ್ದ ಅಪ್ಪನ ಕೈ ನೆನಪಾಯಿತು. ಒಂದು ಹೆಜ್ಜೆ ಹಿಂದಿಟ್ಟಳು.

"ಅಯ್ಯೋ, ಬೀರಪ್ಪನ ಮಗಳು ಹೆದರಿದಳು!" ಎಂದು ಹೊಟ್ಟು ತೂರಿದರು.

ಅವಳು ಇನ್ನೊಂದು ಹೆಜ್ಜೆ ಹಿಂದಿಟ್ಟಳು. ಮತ್ತೊಂದು. ತಲೆಯೆಲ್ಲ ಹೊಟ್ಟಾಯಿತು. ದಿಮ್ಮಿಯ ತುತ್ತತುದಿಗೆ ಬಂದು ಜೋತುಬಿದ್ದಳು. ಆನೆಲಾಯದಂಥ ಕಪ್ಪೆ ಗರಗರ ಎಂದು ಮೇಲೆದ್ದಿತು! ಮಕ್ಕಳು ಅದರ ಅಡಿಗೆ ಉರುಳೆಮರಗಳನ್ನು ತಳ್ಳಿದರು. ಹೊಟ್ಟು ತೂರುತ್ತಿದ್ದ ಕೈಗಳು ಅಲ್ಲಲ್ಲೇ ನಿಂತವು.

ಗೂಗೆಗಣ್ಣ ಚಪ್ಪಾಳೆ ತಟ್ಟಿದ. ಕಪ್ಪೆಯ ಮುಂದೆ ನೆಲ ಬಿರಿದು ಒಂದು ಗುಡ್ಡ ಎದ್ದಿತು. "ಕದಲಿದರೆ ಸಾಲದು, ಈಗ ದಾಟಿಸಿ ನೋಡೋಣ!"

ಮಕ್ಕಳು ಮಣ್ಣು ಹೊತ್ತು ಗುಡ್ಡಕ್ಕೆ ಉದ್ದನೆಯ ಇಳಿಜಾರು ಕಟ್ಟಿದರು. ಮೇಲೆ ಮರದ ರಾಟೆಗಳನ್ನು ನೆಟ್ಟು, ಹಗ್ಗವನ್ನು ಒಂದರಿಂದ ಒಂದಕ್ಕೆ ಸುತ್ತಿ ತಂದರು. ಮಾರುಗಟ್ಟಲೆ ಹಗ್ಗ ಎಳೆದರೆ ಕಪ್ಪೆ ಗೇಣಷ್ಟು ಏರುತ್ತಿತ್ತು.

"ಇಷ್ಟೇನಾ ಅಕ್ಕೋರೇ?" ಎಂದು ಚಿಕ್ಕವರು ಗೊಣಗಿದರು.

"ಬಲ ಉಳಿಯಿತಲ್ಲ, ಅದಕ್ಕೆ ಬೆಲೆಯಾಗಿ ಹೆಚ್ಚು ಹಗ್ಗ ಎಳೆಯಬೇಕು. ಎಳೀರಿ!"

ಎಳೆದರು. ಹಾಡು ಹೇಳಿಕೊಂಡು ಎಳೆದರು. ಕಪ್ಪೆ ಗುಡ್ಡದ ನೆತ್ತಿಗೇರಿತು, ಅದು ಆಚೆಗೆ ಜಾರದಂತೆ ಮಕ್ಕಳು ಒಂದು ಬೆಣೆ ಹೊಡೆದರು. ಹಿಂದೆ ಚಿಲುಮೆ ಭೋರ್ಗರೆಯಿತು. ನೀರು ಬಂತು. ಆದರೆ ಬಲ ಇನ್ನೂ ಕಪ್ಪೆಯ ಹೊಟ್ಟೆಯಲ್ಲೇ ಇತ್ತು.

ಮಕ್ಕಳು ಬಲಗೆಟ್ಟ ಜಟ್ಟಿಗಳನ್ನು ಹೊತ್ತು ತಂದು ಗುಡ್ಡದ ಈಚೆ ಬುಡದಲ್ಲಿ ಒಂದು ಬಂಡಿಯಲ್ಲಿ ಮಲಗಿಸಿದರು. ಕಪ್ಪೆಗೆ ಕಟ್ಟಿದ ಹಗ್ಗವನ್ನು ಮೇಲಿನ ರಾಟೆಯ ಮೇಲಿಂದ ತಂದು ಬಂಡಿಗೆ ಬಿಗಿದರು. ಕಪ್ಪೆ ಆಚೆ ಇಳಿದರೆ ಬಂಡಿ ಈಚೆ ಏರಬೇಕು. ಬೆಣೆ ಕೀಳಲು ಮಲ್ಲಾಜಿ ಮರದ ಕೊಡತಿ ಎತ್ತಿದಾಗ ಕಪ್ಪೆ ಮೊದಲ ಬಾರಿ ಮಾತಾಡಿತು.

"ತಾಳು ಮಗಳೇ. ಒಂದು ಸಲ ನನ್ನನ್ನು ಮುಟ್ಟು. ನಿಮ್ಮಪ್ಪನ ಬಲ ಈಗಲೇ ಕೊಡುತ್ತೇನೆ. ಉಳಿದವರ ಗೊಡವೆ ನಿನಗೇಕೆ?"

ಮಲ್ಲಾಜಿ ಬಂಡಿಯತ್ತ ತಿರುಗಿ ನೋಡಿದಳು. ಬಂಡಿಯಲ್ಲಿ ಅಪ್ಪನ ಪಕ್ಕ ಅಡುಗೆಯವನು ಮಲಗಿದ್ದ. ಅವನ ಪುಟ್ಟ ಮಗ ಬಂಡಿಯ ಅಂಚು ಹಿಡಿದು ನಿಂತಿದ್ದ.

"ಅವರೂ ಯಾರದೋ ಅಪ್ಪಂದಿರೇ," ಎಂದು ಹೇಳಿ ಕೊಡತಿಯಿಂದ ಬೆಣೆಗೆ ಹೊಡೆದಳು.

ಕಪ್ಪೆ ಜಾರಿತು. ಹಗ್ಗ ಬಿಗಿಯಿತು, ರಾಟೆ ಕಿರುಗುಟ್ಟಿತು, ಬಂಡಿ ಏರಿತು. ಕಪ್ಪೆ ಇಳಿದಷ್ಟೂ ಕರಗಿತು. ಬಂಡಿ ಏರಿದಷ್ಟೂ ಜಟ್ಟಿಗಳ ಮೈ ತುಂಬಿತು. ಗೂಗೆಗಣ್ಣ ಬಾಯಿ ಬಡಿದುಕೊಂಡು ಓಡಿ ಬಂದು ಕಪ್ಪೆಯನ್ನು ಎರಡೂ ಕೈಯಿಂದ ತಡೆದ. ಗುಳುಂ! ಅವನ ಮಂತ್ರವೆಲ್ಲ ಹಗ್ಗದ ದಾರಿ ಹಿಡಿದು ಹರಿದುಹೋಯಿತು. ಗುಡ್ಡದ ಬುಡ ಮುಟ್ಟುವಾಗ ಉಳಿದದ್ದು ಅಂಗೈಯಗಲದ ಹಸಿರು ಕಪ್ಪೆ. ಅದು ವಟಗುಟ್ಟುತ್ತ, ಅಲ್ಲಿಗೂ ಹರಿದು ಬಂದಿದ್ದ ಚಿಲುಮೆಯ ನೀರಿಗೆ ನೆಗೆಯಿತು.

ಬೀರಪ್ಪ ಬಂಡಿಯಿಂದ ಧುಮುಕಿ ಮಗಳನ್ನು ಹೆಗಲಿಗೆ ಏರಿಸಿಕೊಂಡ. ರಾಜ ದೇವೀರಮ್ಮನಿಗೆ ಕೈಮುಗಿದ.

"ಏನು ಬೇಕು ಕೇಳು ತಾಯಿ."

"ನನಗೇನೂ ಬೇಡ. ನೀವೆಲ್ಲ ಶಾಲೆಗೆ ಬನ್ನಿ, ಸಾಕು."

ಮರುದಿನ ಜಟ್ಟಿಗಳೆಲ್ಲ ಮಕ್ಕಳ ಮಣೆಯ ಮೇಲೆ ಮೊಣಕಾಲು ಮಡಿಸಿಕೊಂಡು ಕೂತರು. ಕೊನೆಗೆ ಗೂಗೆಗಣ್ಣನೂ ಬಂದು ಬಾಗಿಲಲ್ಲಿ ತಲೆತಗ್ಗಿಸಿ ನಿಂತ. ದೇವೀರಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಜೋಳಿಗೆ ಹೊರಗಿಟ್ಟು ಒಳಗೆ ಬಾ. ಸನ್ನೆಗೋಲಿನಿಂದ ಶುರು."

ಹೊಲಗಳಿಗೆ ನೀರು ಹರಿಯಿತು, ಊರೂರಿನಲ್ಲಿ ರಾಟೆ ತಿರುಗಿತು. ಅಂದಿನಿಂದ ಜಟ್ಟಿಪುರದವರು ಉಂಡು, ಕಲಿತು, ನಕ್ಕು ಬಾಳಿದರು.