ಸೊನ್ನೆ ಇರಬೇಕಾದ ಚೌಕ

“ನಿಮ್ಮ ಲೆಕ್ಕ ನಂಬಿ ಒಳಗೆ ಹೋಗ್ತಿದ್ದೀನಿ ಮೇಡಂ,” ಎಂದು ಮೆಕ್ಯಾನಿಕ್ ಹುಡುಗ ಗೋದಾಮಿನ ಹಳದಿ ಗೆರೆ ದಾಟುವ ಮುನ್ನ ತಿರುಗಿ ನಕ್ಕಿದ್ದ.

“ವಾಪಸ್ ಬಂದ್ರೆ ಟೀ ಕೊಡಿಸ್ತೀನಿ, ಹೋಗಿ,” ಎಂದಿದ್ದಳು ಅವಳು, ಕಂಪ್ಯೂಟರಿನಿಂದ ಕಣ್ಣೆತ್ತದವಳಂತೆ. ಓರೆಗಣ್ಣಿನಲ್ಲಿ ನೋಡಿದ್ದು ಅವನಿಗೆ ಗೊತ್ತಾಗಲಿಲ್ಲ ಎಂದುಕೊಂಡಿದ್ದಳು, ಹುಚ್ಚಿ.

ಗೋದಾಮಿನ ನೆಲವೆಲ್ಲ ಚೌಕಗಳು. ಚಾಲಕರಿಲ್ಲದ ಗಾಡಿಗಳು ಒಂದು ಮೂಲೆಯಿಂದ ಹೊರಟು ಬಲಕ್ಕೋ ಮುಂದಕ್ಕೋ ಮಾತ್ರ ಸಾಗುತ್ತವೆ. ಒಂದು ಚೌಕಕ್ಕೆ ಎಷ್ಟು ದಾರಿ? ಅದರ ಹಿಂದಿನ ಚೌಕಕ್ಕಿರುವ ದಾರಿ, ಎಡಚೌಕಕ್ಕಿರುವ ದಾರಿ, ಎರಡನ್ನೂ ಕೂಡಿದರಾಯಿತು. ಒಮ್ಮೆ ಎಣಿಸಿ ಬರೆದಿಟ್ಟುಕೊಂಡರೆ ಮತ್ತೆ ಎಣಿಸುವ ಗೋಜಿಲ್ಲ. ಯಾರಾದರೂ ಕೆಲಸ ಮಾಡುತ್ತಿರುವ ಚೌಕಕ್ಕೆ ಸೊನ್ನೆ. ಸೊನ್ನೆ ಇದ್ದಲ್ಲಿಗೆ ಗಾಡಿ ಹೋಗದು. ಆ ಲೆಕ್ಕ ಬರೆದವಳು ಅವಳೇ.

ಗಾಡಿಗಳನ್ನು ಹೊರಡಿಸಿ ಪರದೆ ನೋಡಿದಳು. ಅವನಿದ್ದ ಚೌಕದಲ್ಲಿ ಸೊನ್ನೆ ಇರಲಿಲ್ಲ, ‘ಒಂದು’ ಇತ್ತು.

ಗೋಡೆ ಪಕ್ಕದ ಮೊದಲ ಸಾಲಿಗೆ ಇರುವುದು ಒಂದೇ ನೇರ ದಾರಿ ತಾನೇ ಎಂದು, ಸಾಲಿಡೀ ಕಣ್ಣುಮುಚ್ಚಿ ‘ಒಂದು’ ತುಂಬಿಸಿಬಿಟ್ಟಿದ್ದಳು. ನಡುವೆ ತಡೆ ಇದೆಯೇ ಎಂದು ನೋಡಿರಲೇ ಇಲ್ಲ. ಅವನು ಮಂಡಿಯೂರಿ ಕೂತಿದ್ದು ಅದೇ ಸಾಲಿನಲ್ಲಿ, ಡ್ರಿಲ್ಲಿನ ಗದ್ದಲದಲ್ಲಿ, ಬರುವ ಗಾಡಿಗೆ ಬೆನ್ನು ಹಾಕಿ.

“ಏಳೋ! ಎದ್ದೇಳೋ!” ಗಂಟಲು ಹರಿಯುವಂತೆ ಕೂಗಿದಳು. ಅವನಿಗೆ ಕೇಳಿಸಲಿಲ್ಲ.

ಪರದೆಯಲ್ಲಿ ನಿಲ್ಲಿಸಿದರೆ, ಹೊರಟ ಗಾಡಿ ತನ್ನ ದಾರಿ ಮುಗಿಸಿಯೇ ನಿಲ್ಲುತ್ತದೆ. ಉಳಿದದ್ದು ಎಲ್ಲ ಗಾಡಿಗಳನ್ನೂ ಇದ್ದಲ್ಲೇ ನಿಲ್ಲಿಸುವ, ದೂರದ ಗೋಡೆಯ ಕೆಂಪು ಗುಂಡಿ. ಓಡಿದಳು. ಚಪ್ಪಲಿ ಎಲ್ಲೋ ಹಾರಿತು. ದೇವರೇ, ಅವನೊಬ್ಬ ಉಳಿದರೆ ಸಾಕು. ಎರಡೂ ಅಂಗೈಯಿಂದ ಗುಂಡಿಯನ್ನು ಗುದ್ದಿದಳು.

ಗಾಡಿ ಅವನ ಬೆನ್ನಿಗೆ ಗೇಣು ದೂರದಲ್ಲಿ ನಿಂತಿತು. ತಿರುಗಿ ನೋಡಿದವನ ಮುಖದಲ್ಲಿ ರಕ್ತವೇ ಇರಲಿಲ್ಲ.

ಹತ್ತಿರ ಹೋಗಿ ಅವನ ತೋಳು ಹಿಡಿದಳು.

“ನಂದೇ ತಪ್ಪು. ಇಲ್ಲಿ ಸೊನ್ನೆ ಹಾಕ್ಬೇಕಿತ್ತು, ಈ ಸಾಲಲ್ಲಿ ಇಲ್ಲಿಂದಾಚೆಗೂ ಸೊನ್ನೆನೇ. ನಿಮಗೇನಾದ್ರೂ ಆಗಿದ್ರೆ...” ಅತ್ತೇಬಿಟ್ಟಳು. “ನೀವಂದ್ರೆ ನಂಗೆ ಪ್ರಾಣ. ಹೇಳೋಕೆ ಇಷ್ಟು ದಿನ ಹೆದರ್ತಿದ್ದೆ. ಇವತ್ತು ಹೆದರಿದ್ದರ ಮುಂದೆ ಅದು ಏನೂ ಅಲ್ಲ.”

ಅವನು ನಗಲು ನೋಡಿದ, ಆಗಲಿಲ್ಲ. “ಹಾಗಾದ್ರೆ ಇನ್ಮೇಲೆ ನನ್ನ ಹತ್ರ ಬರೋಕೆ ದಾರಿನೇ ಇಲ್ವಾ?”

“ಗಾಡಿಗಳಿಗಿಲ್ಲ,” ಎಂದಳು ಮೂಗೊರೆಸಿಕೊಳ್ಳುತ್ತಾ. “ನಂಗೊಂದು ದಾರಿ ಬಿಡಿ.”

ಅವನು ಡ್ರಿಲ್ ಕೆಳಗಿಟ್ಟು ಅವಳ ಬರಿಗಾಲು ನೋಡಿದ. ಚಪ್ಪಲಿ ಹುಡುಕಲು ಇಬ್ಬರೂ ಕೈ ಹಿಡಿದುಕೊಂಡೇ ಹೊರಟರು.